ಬೆಕ್ಕು ನಿಮ್ಮ ಚಪ್ಪಲಿ, ಬೆವರಿನ ಅಂಗಿ ಮೂಸುವುದೇಕೆ? ಅದು ಕಾಯಿಲೆಯ ಸೂಚನೆಯೇ?

ದುಡಿಯಲು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಹೋದವರು ಹಬ್ಬಕ್ಕೋ ಜಾತ್ರೆಗೋ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ಮರಳುತ್ತಾರೆ. ಮನೆಯ ಬೆಕ್ಕು ಆಗ ಏನು ಮಾಡುತ್ತದೆ, ಗಮನಿಸಿದ್ದೀರಾ? ಬಂದವರ ಮುಖವನ್ನು ಅದು ಹೆಚ್ಚು ನೋಡುವುದಿಲ್ಲ. ನೇರವಾಗಿ ಬಾಗಿಲ ಬಳಿ ಬಿಟ್ಟ ಚಪ್ಪಲಿಯ ಹತ್ತಿರ ಹೋಗುತ್ತದೆ. ಚಪ್ಪಲಿಯೊಳಗೆ ಮೂಗು ತೂರಿಸುತ್ತದೆ. ಆಮೇಲೆ ಬ್ಯಾಗು, ಬಿಚ್ಚಿಟ್ಟ ಅಂಗಿ, ಕಾಲುಚೀಲ. ಕೊನೆಗೆ ಮಲಗಿದವರ ಬಗಲ ಹತ್ತಿರ ಬಂದು ಮೂಸುತ್ತದೆ. ಕೆಲವೊಮ್ಮೆ ಬಾಯಿ ಅರ್ಧ ತೆರೆದು, ಮುಖ ಕಿವುಚಿಕೊಂಡು ಒಂದು ಕ್ಷಣ ಕಲ್ಲಿನಂತೆ ನಿಂತುಬಿಡುತ್ತದೆ.

ಈ ನಡವಳಿಕೆಯ ಬಗ್ಗೆ ಹಲವು ಮಾತುಗಳು ಫೋನಿನಿಂದ ಫೋನಿಗೆ ಹರಿದಾಡುತ್ತವೆ. ಬೆಕ್ಕು ದೇಹದ ಒಂದೇ ಜಾಗವನ್ನು ಪದೇಪದೇ ಮೂಸಿದರೆ ಅಲ್ಲಿ ಗಡ್ಡೆ ಇದೆ ಎನ್ನುವುದು ಒಂದು. ರೋಗಿಯ ಹಾಸಿಗೆಯಲ್ಲಿ ಬೆಕ್ಕು ಮಲಗಿದರೆ ಸಾವು ಹತ್ತಿರವಿದೆ ಎನ್ನುವುದು ಇನ್ನೊಂದು. ಬೆಕ್ಕು ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎನ್ನುವುದು ಮತ್ತೊಂದು. ಇವುಗಳಲ್ಲಿ ನಿಜ ಎಷ್ಟು?

ಚಿಕ್ಕ ಉತ್ತರ ಇಷ್ಟು: ಬೆಕ್ಕು ಓದುತ್ತಿರುವುದು ನಿಮ್ಮ ದೇಹದ ಒಳಗಿನ ಕಾಯಿಲೆಯನ್ನಲ್ಲ, ದೇಹದ ಮೇಲೆ ಇರುವುದನ್ನು. ನೀವು ಯಾರು, ಎಲ್ಲಿಂದ ಬಂದಿರಿ, ಏನು ಮುಟ್ಟಿ ಬಂದಿರಿ ಎಂಬುದನ್ನು ಅದು ಮೂಗಿನಿಂದ ತಿಳಿದುಕೊಳ್ಳುತ್ತದೆ. ಹಾಗಾಗಿ ಹೆದರಬೇಕಾದ್ದು ಅದು ಮೂಸುವುದಕ್ಕಲ್ಲ. ನಮ್ಮ ಮೈಮೇಲೆ, ಬಟ್ಟೆಯ ಮೇಲೆ ಏನಿದೆ ಎಂಬುದರ ಬಗ್ಗೆ ಎಚ್ಚರವಿರಬೇಕು. ಅದರಲ್ಲೂ ತೊಗರಿಗೆ, ಹತ್ತಿಗೆ ಔಷಧಿ ಹೊಡೆಯುವ ಕಾಲದಲ್ಲಿ. ಒಂದೊಂದಾಗಿ ನೋಡೋಣ.

ಬೆಕ್ಕಿಗೆ ಮೂಗೇ ಗುರುತಿನ ಚೀಟಿ

ನಾವು ಒಬ್ಬರನ್ನು ಗುರುತಿಸುವುದು ಮುಖ ಮತ್ತು ದನಿಯಿಂದ. ಬೆಕ್ಕಿಗೂ ದನಿ ಗೊತ್ತಾಗುತ್ತದೆ, ಆದರೆ ವಾಸನೆಯ ಮೇಲೆ ಅದರ ಭರವಸೆ ಹೆಚ್ಚು. ಎರಡು ಬೆಕ್ಕುಗಳು ಎದುರಾದಾಗ ಮೊದಲು ಮೂಗಿಗೆ ಮೂಗು ತಾಗಿಸುವುದು ಇದಕ್ಕೇ. ಬೆಕ್ಕಿನ ಕೆನ್ನೆ, ಗದ್ದ, ಬಾಲದ ಬುಡ, ಪಾದದ ಮೆತ್ತೆಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಅದು ನಿಮ್ಮ ಕಾಲಿಗೆ ಕೆನ್ನೆ ಉಜ್ಜುವಾಗ ತನ್ನ ವಾಸನೆಯನ್ನು ನಿಮಗೆ ಹಚ್ಚುತ್ತಿರುತ್ತದೆ. ಮನೆಯ ಬಾಗಿಲು, ಮಂಚದ ಕಾಲು, ಮನೆಯ ಮಂದಿ, ಎಲ್ಲಕ್ಕೂ ಹೀಗೆ ಹಚ್ಚಿದ ಮೇಲೆ ಆ ಮನೆ ಅದಕ್ಕೆ ತನ್ನದು ಎನಿಸುತ್ತದೆ.

ಆರು ತಿಂಗಳು ಬೇರೆ ಊರಿನಲ್ಲಿದ್ದು ಬಂದವರ ಮೈಮೇಲೆ ಆ ಗುರುತು ಉಳಿದಿರುವುದಿಲ್ಲ. ಬೇರೆ ಸೋಪು, ಬೇರೆ ನೀರು, ಬೇರೆ ಊಟ, ಬಸ್ಸಿನ ಸೀಟು, ಬೇರೆ ಊರಿನ ನಾಯಿ ಬೆಕ್ಕುಗಳ ವಾಸನೆ ಎಲ್ಲ ಸೇರಿ ಅವರು ಬೆಕ್ಕಿನ ಮಟ್ಟಿಗೆ ಅರ್ಧ ಹೊಸಬರು. ಹಾಗಾಗಿ ಅದು ಮೊದಲು ಮೂಸಿ ಪರೀಕ್ಷಿಸುತ್ತದೆ, ಆಮೇಲೆ ಕೆನ್ನೆ ಉಜ್ಜಿ ಮತ್ತೆ ತನ್ನ ಗುರುತು ಹಚ್ಚುತ್ತದೆ.

ಬೆಕ್ಕಿನ ಮೂಗು ಚಿಕ್ಕದಾದರೂ ಒಳಗಿನ ದಾರಿ ಸುರುಳಿ ಸುರುಳಿಯಾಗಿದೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಬೆಕ್ಕಿನ ಮೂಗಿನ ಕಂಪ್ಯೂಟರ್ ಮಾದರಿ ಮಾಡಿ ಗಾಳಿಯ ಹರಿವನ್ನು ಪರಿಶೀಲಿಸಿದರು. ಒಳಗೆ ಎಳೆದ ಗಾಳಿ ಎರಡು ಹೊಳೆಗಳಾಗಿ ಒಡೆಯುತ್ತದೆ. ಒಂದು ಬೆಚ್ಚಗಾಗಿ, ತೇವಗೊಂಡು ಶ್ವಾಸಕೋಶದ ಕಡೆ ಹೋಗುತ್ತದೆ. ಇನ್ನೊಂದು ವೇಗವಾಗಿ ಹಿಂಭಾಗಕ್ಕೆ ಹೋಗಿ, ವಾಸನೆ ಹಿಡಿಯುವ ಭಾಗದ ಸುರುಳಿ ಕಾಲುವೆಗಳಲ್ಲಿ ಸುತ್ತುತ್ತದೆ. ಪ್ರಯೋಗಾಲಯದಲ್ಲಿ ರಾಸಾಯನಿಕಗಳನ್ನು ಬೇರ್ಪಡಿಸುವ ಯಂತ್ರದ ಕೆಲಸವನ್ನು ಹೋಲುವ ವ್ಯವಸ್ಥೆ ಅದು.

ಹೊಸಬರ ವಾಸನೆಗೆ ಹೆಚ್ಚು ಹೊತ್ತು: ಜಪಾನಿನ ಪ್ರಯೋಗ

ಇದೆಲ್ಲ ಊಹೆಯೇ, ಯಾರಾದರೂ ಪರೀಕ್ಷಿಸಿದ್ದಾರೆಯೇ? ಪರೀಕ್ಷಿಸಿದ್ದಾರೆ. ಟೋಕಿಯೋ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 30 ಸಾಕು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗ 2025ರ ಮೇ ತಿಂಗಳಲ್ಲಿ 'ಪ್ಲೋಸ್ ಒನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಯೋಗ ಸರಳವಾಗಿತ್ತು. ಮನುಷ್ಯರ ಕಂಕುಳು, ಕಿವಿಯ ಹಿಂಭಾಗ ಮತ್ತು ಕಾಲ್ಬೆರಳ ಸಂದಿಯನ್ನು ಹತ್ತಿಯಿಂದ ಒರೆಸಿದರು. ಆ ಹತ್ತಿಯನ್ನು ಪ್ಲಾಸ್ಟಿಕ್ ಕೊಳವೆಗಳಲ್ಲಿ ಇಟ್ಟರು. ಒಂದು ಕೊಳವೆಯಲ್ಲಿ ಮಾಲೀಕರ ವಾಸನೆ, ಇನ್ನೊಂದರಲ್ಲಿ ಬೆಕ್ಕು ಎಂದೂ ನೋಡದವರ ವಾಸನೆ, ಮೂರನೆಯದರಲ್ಲಿ ಯಾವ ವಾಸನೆಯೂ ಇಲ್ಲ.

ಬೆಕ್ಕುಗಳು ಅಪರಿಚಿತರ ವಾಸನೆಯನ್ನು ಮಾಲೀಕರ ವಾಸನೆಗಿಂತ ಸುಮಾರು ಎರಡರಷ್ಟು ಹೊತ್ತು ಮೂಸಿದವು. ಮಾಲೀಕರ ವಾಸನೆ ಮೊದಲೇ ಗೊತ್ತಿರುವ ಪಾಠ, ಬೇಗ ಮುಗಿಯುತ್ತದೆ. ಹೊಸಬರದು ಹೊಸ ಪಾಠ. ಇನ್ನೊಂದು ವಿಷಯವೂ ಕಂಡುಬಂತು. ಹೊಸ ವಾಸನೆಯನ್ನು ಬೆಕ್ಕುಗಳು ಮೊದಲು ಹೆಚ್ಚಾಗಿ ಬಲ ಹೊಳ್ಳೆಯಿಂದ ಮೂಸಿ, ಪರಿಚಯವಾಗುತ್ತಾ ಹೋದಂತೆ ಎಡ ಹೊಳ್ಳೆಗೆ ಬದಲಾಯಿಸಿದವು. ಹೊಸದನ್ನು ಅಳೆಯುವುದಕ್ಕೂ ರೂಢಿಯಾದದ್ದನ್ನು ನೋಡುವುದಕ್ಕೂ ಮೆದುಳಿನ ಬೇರೆ ಬೇರೆ ಅರ್ಧಗಳು ಕೆಲಸ ಮಾಡುತ್ತಿರಬಹುದು ಎಂಬುದಕ್ಕೆ ಇದು ಸೂಚನೆ. ಮೂಸಿ ಮುಗಿದ ಮೇಲೆ ಹಲವು ಬೆಕ್ಕುಗಳು ಕೊಳವೆಗೆ ಮುಖ ಉಜ್ಜಿದವು.

ಅಂದರೆ ನಿಮ್ಮ ಮನೆಗೆ ಬಂದ ಬೀಗರ ಚಪ್ಪಲಿಯನ್ನು ಬೆಕ್ಕು ಬಿಡದೆ ಮೂಸಿದರೆ ಬೀಗರಲ್ಲಿ ಏನೋ ದೋಷವಿದೆ ಎಂದಲ್ಲ. ಬೀಗರು ಅದಕ್ಕೆ ಹೊಸಬರು, ಅಷ್ಟೇ. ಗಾಣಗಾಪುರಕ್ಕೆ ಹೊರಟ ನೆಂಟರು ದಾರಿಯಲ್ಲಿ ಒಂದು ರಾತ್ರಿ ತಂಗಿದರೂ ಅವರ ಚೀಲಕ್ಕೆ ಇದೇ ತಪಾಸಣೆ.

ಕಂಕುಳು, ಕಾಲು, ಕಿವಿಯೇ ಏಕೆ?

ಮೈಯ ಬಹುಭಾಗದಲ್ಲಿ ಬರುವ ಬೆವರು ನೀರು ಮತ್ತು ಉಪ್ಪು. ಅದಕ್ಕೆ ಹೆಚ್ಚು ವಾಸನೆ ಇರುವುದಿಲ್ಲ. ಕಂಕುಳಲ್ಲಿ ಮಾತ್ರ ಇನ್ನೊಂದು ಬಗೆಯ ಗ್ರಂಥಿಗಳಿವೆ. ಅವುಗಳ ಸ್ರಾವದಲ್ಲಿ ಕೊಬ್ಬು ಮತ್ತು ಪ್ರೋಟೀನಿನ ಅಂಶ ಇರುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಬೆವರಿನ ನಾತ ಹುಟ್ಟುತ್ತದೆ. ಮುಚ್ಚಿದ ಬೂಟಿನೊಳಗಿನ ಕಾಲಿನಲ್ಲೂ ಬ್ಯಾಕ್ಟೀರಿಯಾಗಳದ್ದೇ ಕೆಲಸ. ಅಲ್ಲಿ ಹುಟ್ಟುವ ಐಸೋವ್ಯಾಲೆರಿಕ್ ಆಮ್ಲ ಹಳೆಯ ಚೀಸಿನಲ್ಲೂ ಇರುತ್ತದೆ. ಕಿವಿಯಲ್ಲಿ ಗುಗ್ಗೆಯ ಕೊಬ್ಬಿನ ವಾಸನೆ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಈ ಎಲ್ಲ ವಾಸನೆಗಳೂ ಎಷ್ಟು ಜೋರಾಗಿರುತ್ತವೆ ಎಂದು ಹೇಳಬೇಕಿಲ್ಲ.

ಬೆಕ್ಕು ಅಪ್ಪಟ ಮಾಂಸಾಹಾರಿ ಪ್ರಾಣಿ. ಸಿಹಿ ರುಚಿಯನ್ನು ಗುರುತಿಸಲು ಬೇಕಾದ ಒಂದು ಜೀನು ಬೆಕ್ಕುಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ ಎಂದು ಅಮೆರಿಕದ ಮೊನೆಲ್ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಹಾಗಾಗಿ ನಿಮ್ಮ ಜಿಲೇಬಿಯ ಸಿಹಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಕೊಬ್ಬು, ಪ್ರೋಟೀನು ಒಡೆದು ಬರುವ ವಾಸನೆಗಳು ಮಾತ್ರ ಅದರ ಊಟದ ಲೋಕದವು. ನಮಗೆ ಮೂಗು ಮುಚ್ಚಿಕೊಳ್ಳುವಂತಾಗುವ ಕಾಲುಚೀಲ ಅದಕ್ಕೆ ಸುದ್ದಿಗಳಿಂದ ತುಂಬಿದ ಪತ್ರಿಕೆ.

ರಾಸಾಯನಿಕವಾಗಿ ಇನ್ನೊಂದು ಸ್ವಾರಸ್ಯವಿದೆ. ಗಂಡು ಬೆಕ್ಕಿನ ಮೂತ್ರದ ಘಾಟು ಗಂಧಕವಿರುವ ಒಂದು ಸಂಯುಕ್ತದಿಂದ ಬರುತ್ತದೆ. ಮನುಷ್ಯರ ಕಂಕುಳ ಬೆವರಿನಲ್ಲೂ ಅದೇ ಕುಟುಂಬದ, ಗಂಧಕವಿರುವ ಒಂದು ಸಂಯುಕ್ತ ಸಿಕ್ಕಿದೆ. ಇದೇ ಕಾರಣಕ್ಕೆ ಬೆಕ್ಕು ಬಗಲು ಮೂಸುತ್ತದೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ, ಅದು ಸಾಬೀತಾಗಿಲ್ಲ. ಎರಡೂ ದೂರದ ದಾಯಾದಿಗಳು ಎಂಬುದಷ್ಟೇ ನಿಜ.

ಬಾಯಿ ತೆರೆದು ನಿಲ್ಲುವುದು ಅಸಹ್ಯದಿಂದಲ್ಲ

ಬೆವರಿನ ಬಟ್ಟೆ ಮೂಸಿದ ಬೆಕ್ಕು ಮೇಲ್ದುಟಿ ಎತ್ತಿ, ಬಾಯಿ ಅರ್ಧ ತೆರೆದು ನಿಂತಾಗ ನಾವು 'ವಾಸನೆಗೆ ಹೇಸಿಕೊಂಡಿತು' ಎಂದು ನಗುತ್ತೇವೆ. ವಾಸ್ತವದಲ್ಲಿ ಅದು ಇನ್ನಷ್ಟು ಚೆನ್ನಾಗಿ ಮೂಸುತ್ತಿದೆ. ಬೆಕ್ಕಿನ ಬಾಯಿಯ ಮೇಲ್ಭಾಗದಲ್ಲಿ, ಮುಂದಿನ ಹಲ್ಲುಗಳ ಹಿಂದೆ ಎರಡು ಸಣ್ಣ ರಂಧ್ರಗಳಿವೆ. ಅವು ಜೇಕಬ್ಸನ್ ಅಂಗ ಎಂಬ ಎರಡನೆಯ ವಾಸನೆಯ ಅಂಗಕ್ಕೆ ದಾರಿ. ಡೆನ್ಮಾರ್ಕಿನ ಅಂಗರಚನಾ ವಿಜ್ಞಾನಿ ಲುಡ್ವಿಗ್ ಜೇಕಬ್ಸನ್ 19ನೇ ಶತಮಾನದ ಆರಂಭದಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಇನ್ನೊಂದು ಬೆಕ್ಕು ಗಂಡೋ ಹೆಣ್ಣೋ, ಬೆದೆಯಲ್ಲಿದೆಯೋ ಎಂಬಂಥ ಸುದ್ದಿಗಳನ್ನು ಬೆಕ್ಕು ಹೆಚ್ಚಾಗಿ ಇಲ್ಲಿಂದ ತಿಳಿಯುತ್ತದೆ.

ಇದೇ ಕೆಲಸವನ್ನು ಹೋರಿ, ಕೋಣ, ಹೋತಗಳು ಮಾಡುವುದನ್ನು ನಮ್ಮ ರೈತರು ದಿನವೂ ನೋಡುತ್ತಾರೆ. ಹಸುವಿನ ಗಂಜಲ ಮೂಸಿದ ಹೋರಿ ಕತ್ತು ಮೇಲೆತ್ತಿ, ತುಟಿ ಮಡಚಿ ನಿಲ್ಲುತ್ತದಲ್ಲ, ಅದೇ ಇದು. ಅಲ್ಲಿ ಯಾರೂ ದೆವ್ವ ಕಂಡಿತು ಎನ್ನುವುದಿಲ್ಲ. ಬೆಕ್ಕಿನ ವಿಷಯದಲ್ಲೂ ಹಾಗೆ ಹೇಳಬೇಕಿಲ್ಲ.

ಕೆಲವು ವಾಸನೆಗಳಿಗಂತೂ ಬೆಕ್ಕು ಅಮಲೇರಿದಂತೆ ಹೊರಳಾಡುತ್ತದೆ. ತಿಪ್ಪೆಯ ಪಕ್ಕ, ಬದುವಿನ ಮೇಲೆ ತಾನಾಗಿ ಬೆಳೆಯುವ ಕುಪ್ಪಿಗಿಡವನ್ನು ಕಿತ್ತರೆ ಅದರ ಬೇರಿಗೆ ಬೆಕ್ಕುಗಳು ಮುತ್ತುವುದುಂಟು. ಕಳೆ ಕಿತ್ತು ಬಂದ ಕೈಯನ್ನು ಬೆಕ್ಕು ಬಿಡದಿದ್ದರೆ ಇದೂ ಒಂದು ಕಾರಣವಿರಬಹುದು.

ಬೆಕ್ಕಿಗೆ ಸಾವು, ಕ್ಯಾನ್ಸರ್ ಗೊತ್ತಾಗುತ್ತದೆಯೇ?

ಈ ಮಾತು ಜಗತ್ತಿನಾದ್ಯಂತ ಹರಡಲು ದೊಡ್ಡ ಕಾರಣ ಆಸ್ಕರ್ ಎಂಬ ಬೆಕ್ಕು. ಅಮೆರಿಕದ ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದ ಸ್ಟೀರ್ ಹೌಸ್ ಎಂಬ ಆರೈಕೆ ಕೇಂದ್ರದಲ್ಲಿ ಅದು ಬೆಳೆಯಿತು. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿರುವ ವೃದ್ಧರು ಅಲ್ಲಿದ್ದರು. ಸಾಯುವ ಕೆಲವೇ ಗಂಟೆಗಳ ಮುಂಚೆ ಆಸ್ಕರ್ ಅಂಥವರ ಪಕ್ಕ ಹೋಗಿ ಮಲಗುತ್ತದೆ ಎಂದು ವೈದ್ಯ ಡೇವಿಡ್ ಡೋಸಾ 2007ರಲ್ಲಿ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ ಹೊತ್ತಿಗೆ 25ಕ್ಕಿಂತ ಹೆಚ್ಚು ಸಾವುಗಳ ಸಮಯದಲ್ಲಿ ಅದು ಹಾಗೆ ಪಕ್ಕದಲ್ಲಿತ್ತು ಎಂಬುದು ಅವರ ಲೆಕ್ಕ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಅದು ಅನುಭವದ ಬರಹ, ಪ್ರಯೋಗವಲ್ಲ. ಆಸ್ಕರ್ ಯಾರ ಯಾರ ಪಕ್ಕ ಮಲಗಿ ಎದ್ದುಬಂತು, ಅವರೆಲ್ಲ ಏನಾದರು ಎಂದು ಎರಡೂ ಕಡೆಯ ಲೆಕ್ಕ ಇಟ್ಟು ಪರೀಕ್ಷೆ ನಡೆದಿಲ್ಲ. ಎರಡು, ಕೊನೆಯ ದಿನಗಳಲ್ಲಿ ಊಟ ಬಿಟ್ಟ ದೇಹದ ಉಸಿರಿನ ವಾಸನೆ ಬದಲಾಗುತ್ತದೆ. ಹಾಸಿಗೆ ಬೆಚ್ಚಗಿರುತ್ತದೆ, ರೋಗಿ ಅಲುಗಾಡುವುದಿಲ್ಲ. ಇವೆಲ್ಲ ಬೆಕ್ಕಿಗೆ ಪ್ರಿಯವಾದವು. ಬೆಕ್ಕು ಬಂದು ಮಲಗಿದ್ದರಿಂದ ಯಾರೂ ಸಾಯುವುದಿಲ್ಲ.

ಕೆಲವು ನಾಯಿಗಳಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು, ರೋಗಿಗಳ ಮಾದರಿಗಳ ವಾಸನೆ ಗುರುತಿಸುವ ಪ್ರಯೋಗಗಳು ನಡೆದಿವೆ. ಅದು ತರಬೇತಿಯ ಫಲ. ಮನೆಯ ಬೆಕ್ಕಿನ ಮೂಗಿನಿಂದ ಕ್ಯಾನ್ಸರ್ ಪತ್ತೆ ಮಾಡುವ ಯಾವ ಪರೀಕ್ಷೆಯೂ ಆಸ್ಪತ್ರೆಗಳಲ್ಲಿ ಇಲ್ಲ. ಇದರಿಂದಾಗುವ ನಷ್ಟ ಎರಡು ಬಗೆಯದು. ಬೆಕ್ಕು ಮೂಸಿತೆಂದು ಆರೋಗ್ಯವಂತರು ನಿದ್ದೆಗೆಡುತ್ತಾರೆ. ಬೆಕ್ಕು ಮೂಸಿಲ್ಲವೆಂದು ಗಂಟಿರುವವರು ಸಮಾಧಾನ ಮಾಡಿಕೊಳ್ಳುತ್ತಾರೆ. ಎರಡನೆಯದೇ ಹೆಚ್ಚು ಅಪಾಯ. ಎದೆಯಲ್ಲಿ ಗಂಟು, ಮಾಯದ ಹುಣ್ಣು, ತಿಂಗಳು ದಾಟಿದ ಕೆಮ್ಮು ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ನಮ್ಮ ಮನಸ್ಸಿನ ಸ್ಥಿತಿ ಬೆಕ್ಕಿಗೆ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ ಎನ್ನುವುದಕ್ಕೆ ಮಾತ್ರ ಒಂದಿಷ್ಟು ಆಧಾರವಿದೆ. ಇಟಲಿಯ ಬಾರಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಯಗೊಂಡಿದ್ದ ಅಪರಿಚಿತರ ಬೆವರಿನ ವಾಸನೆ ಮೂಸಿದ ಬೆಕ್ಕುಗಳು ಹೆಚ್ಚು ಆತಂಕ ತೋರಿಸಿದವು.

ನಿಜವಾದ ಅಪಾಯ: ನಮ್ಮ ಬಟ್ಟೆ, ನಮ್ಮ ಮುಲಾಮು

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಕ್ಕು ಮೂಸಿ ಸುಮ್ಮನಾಗುವುದಿಲ್ಲ. ಬೆವರಿನ ಅಂಗಿಯ ಮೇಲೆ ಹೊರಳುತ್ತದೆ, ಮಲಗುತ್ತದೆ. ಆಮೇಲೆ ಕುಳಿತು ಇಡೀ ಮೈಯನ್ನು ನಾಲಿಗೆಯಿಂದ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ. ಅಂಗಿಯ ಮೇಲೆ ಏನಿತ್ತೋ ಅದು ಹೀಗೆ ಅದರ ಹೊಟ್ಟೆ ಸೇರುತ್ತದೆ.

ಕಲಬುರಗಿ ತೊಗರಿಯ ನಾಡು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕ ಹುಳದ ಕಾಟಕ್ಕೆ ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ಔಷಧಿ ಸಿಂಪಡಣೆ ನಡೆಯುತ್ತದೆ. ಸಂಜೆ ಮನೆಗೆ ಬಂದು ಬಿಚ್ಚಿಟ್ಟ ಅಂಗಿಯಲ್ಲಿ ಬೆವರೂ ಇದೆ, ಕೀಟನಾಶಕವೂ ಇದೆ. ಬೆವರು ಬೆಕ್ಕನ್ನು ಕರೆಯುತ್ತದೆ, ಕೀಟನಾಶಕ ಅದನ್ನು ಕೊಲ್ಲಬಹುದು. ಸೈಪರ್‌ಮೆಥ್ರಿನ್, ಪರ್ಮೆಥ್ರಿನ್ ಜಾತಿಯ ಔಷಧಿಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ಹಚ್ಚಿದರೆ ಜೀವಕ್ಕೇ ಅಪಾಯ. ನಾಯಿ ತಡೆಯುತ್ತದೆ, ಬೆಕ್ಕು ತಡೆಯುವುದಿಲ್ಲ.

ನೋವಿನ ಮುಲಾಮು, ಜೆಲ್‌ಗಳದ್ದೂ ಇದೇ ಕಥೆ. ಕೆಲವರ ನೋವಿನ ಮುಲಾಮಿನಿಂದ ಎರಡು ಮನೆಗಳ ಬೆಕ್ಕುಗಳು ಕಾಯಿಲೆ ಬಿದ್ದು, ಕೆಲವು ಸತ್ತ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಮುಲಾಮನ್ನು ಯಾರೂ ಬೆಕ್ಕಿಗೆ ಹಚ್ಚಿರಲಿಲ್ಲ, ಹಚ್ಚಿಕೊಂಡದ್ದು ಮನೆಯ ಮನುಷ್ಯರು. ಇನ್ನು ಜ್ವರದ ಪ್ಯಾರಾಸಿಟಮಾಲ್ ಅನ್ನು ಬೆಕ್ಕಿಗೆ ಎಂದೂ ಕೊಡಬೇಡಿ. ಒಂದೇ ಮಾತ್ರೆ ಸಾಕು ಅದರ ಪ್ರಾಣ ತೆಗೆಯಲು.

ಮನೆಯಲ್ಲಿ ಇಷ್ಟು ಮಾಡಿ:

ಸಿಂಪಡಣೆಯ ಬಟ್ಟೆಯನ್ನು ಮನೆಯ ಹೊರಗೇ ಬಿಚ್ಚಿ, ಬೇರೆ ಬಕೆಟ್ಟಿನಲ್ಲಿ ಮುಚ್ಚಿಡಿ, ಬೇರೆಯಾಗಿ ಒಗೆಯಿರಿ. ಸ್ನಾನ ಮಾಡಿದ ಮೇಲೆಯೇ ಕೂಸುಗಳನ್ನು ಎತ್ತಿಕೊಳ್ಳಿ. ಬೆಕ್ಕಿಗೆ ಅಂಟುವ ವಿಷ ನೆಲದಲ್ಲಿ ಹರಿದಾಡುವ ಮಗುವಿಗೂ ಅಂಟುತ್ತದೆ.

ಮುಲಾಮು ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿ. ಬೆಕ್ಕು ಹಾಸಿಗೆಗೆ ಬರದಂತೆ ನೋಡಿಕೊಳ್ಳಿ.

ಬೆಕ್ಕು ಜೊಲ್ಲು ಸುರಿಸುತ್ತಿದ್ದರೆ, ನಡುಗುತ್ತಿದ್ದರೆ, ಮೈ ಸೆಟೆದುಕೊಂಡರೆ ತಡಮಾಡದೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಪಶು ಸಂಜೀವಿನಿ ಸಹಾಯವಾಣಿಯ ಸಂಖ್ಯೆ 1962. ಯಾವ ಔಷಧಿ ತಾಗಿತ್ತೋ ಅದರ ಡಬ್ಬಿಯ ಹೆಸರು ಹೇಳಿ. ಹಾಲು, ಎಣ್ಣೆ ಕುಡಿಸಬೇಡಿ.

ನೆಕ್ಕಿದರೆ ಏನು, ಪರಚಿದರೆ ಏನು?

ಬೆಕ್ಕು ನೆಕ್ಕಿದರೆ ಗಾಯ ಮಾಯುತ್ತದೆ ಎಂಬ ಮಾತು ತಪ್ಪಷ್ಟೇ ಅಲ್ಲ, ಅಪಾಯ. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಬೆಕ್ಕಿನಿಂದಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮೂರು ದರ್ಜೆಗಳಲ್ಲಿ ನೋಡುತ್ತದೆ. ಗಾಯವಿಲ್ಲದ ಚರ್ಮವನ್ನು ಮೂಸಿದರೆ, ನೆಕ್ಕಿದರೆ ತೊಳೆದುಕೊಂಡರೆ ಸಾಕು, ಲಸಿಕೆ ಬೇಡ. ರಕ್ತ ಬಾರದಂಥ ಸಣ್ಣ ಪರಚು ಗಾಯವಾದರೆ ಲಸಿಕೆ ಬೇಕು. ಕಚ್ಚಿ ಅಥವಾ ಪರಚಿ ರಕ್ತ ಬಂದರೆ, ತೆರೆದ ಗಾಯವನ್ನು ನೆಕ್ಕಿದರೆ, ಬಾಯಿ ಕಣ್ಣಿಗೆ ಅದರ ಜೊಲ್ಲು ತಾಗಿದರೆ ಲಸಿಕೆಯ ಜೊತೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು.

ಮೊದಲ ಕೆಲಸ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಆಮೇಲೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಗಾಯ ಮಾಯಿತೆಂದು ನಡುವೆ ಬಿಡಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ಅಪರೂಪ. ಮನೆಯ ಬೆಕ್ಕಿಗೂ ಪ್ರತಿವರ್ಷ ರೇಬಿಸ್ ಲಸಿಕೆ ಹಾಕಿಸಿ.

ಕೊನೆಯದಾಗಿ, ಬೆಕ್ಕು ಮೂಸುವುದನ್ನೇ ಬಿಟ್ಟರೆ ಆಗ ಅದರ ಕಡೆ ಗಮನ ಕೊಡಿ. ನೆಗಡಿಯಾಗಿ ಮೂಗು ಕಟ್ಟಿದ ಬೆಕ್ಕು ಊಟ ಬಿಡುತ್ತದೆ, ಏಕೆಂದರೆ ವಾಸನೆ ಸಿಗದ ಅನ್ನ ಅದಕ್ಕೆ ಅನ್ನವೇ ಅಲ್ಲ. ಊಟವನ್ನು ಸ್ವಲ್ಪ ಬಿಸಿ ಮಾಡಿ ಕೊಟ್ಟರೆ ವಾಸನೆ ಏಳುತ್ತದೆ, ತಿನ್ನಬಹುದು. ಒಂದು ದಿನ ದಾಟಿಯೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ.

ಫಾರ್ವರ್ಡ್ ಮಾಡುವ ಮುನ್ನ

'ಬೆಕ್ಕು ಮೂಸಿದರೆ ಕಾಯಿಲೆ' ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಬದಲಿಗೆ ಇಷ್ಟು ಬರೆದು ಕಳಿಸಿ: ಬೆಕ್ಕು ಮೂಸುವುದು ಹೊಸ ವಾಸನೆಯ ಪರಿಚಯಕ್ಕೆ. ಔಷಧಿ ಹೊಡೆದ ಬಟ್ಟೆ ಬೆಕ್ಕಿಗೂ ಮಗುವಿಗೂ ಸಿಗದಂತೆ ಇಡಿ. ಬೆಕ್ಕು ಕಚ್ಚಿದರೆ, ಪರಚಿದರೆ ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಈ ಮೂರು ಸಾಲು ಒಂದು ಜೀವ ಉಳಿಸಬಹುದು.